ರಿಪೋರ್ಟ್‌ನಲ್ಲಿ ‘ಎಸ್’, ಮೈಯಲ್ಲಿ ಇಳಿಯದ ಜ್ವರ: ಮೂತ್ರನಾಳದ ಸೋಂಕಿನ ಒಂದು ಪ್ರಕರಣ

62 ವರ್ಷದ ಮಹಿಳೆ. ಮುಟ್ಟು ನಿಂತು ಹತ್ತು ವರ್ಷ ದಾಟಿದೆ. ಸಕ್ಕರೆ ಕಾಯಿಲೆಗೆ ಮಾತ್ರೆ ನಡೆದಿದೆ, ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆ) 8.1. ಎಂಟು ತಿಂಗಳಲ್ಲಿ ಇದು ಅವರಿಗೆ ಮೂರನೇ ಸಲದ ಉರಿಮೂತ್ರ. ಮೊದಲ ಸಲ ಸಿಪ್ರೊಫ್ಲಾಕ್ಸಾಸಿನ್ ತೆಗೆದುಕೊಂಡಿದ್ದರು, ಎರಡನೇ ಸಲ ಸೆಫಿಕ್ಸಿಮ್. ಎರಡು ಸಲವೂ ಮೂತ್ರದ ಕಲ್ಚರ್, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ, ಆಗಿರಲಿಲ್ಲ, ಎರಡು ಸಲವೂ ಉರಿ ನಾಲ್ಕೈದು ದಿನದಲ್ಲಿ ತಗ್ಗಿತ್ತು. ಮೂರನೇ ಸಲ ಉರಿ ಶುರುವಾದಾಗ ಮನೆಯಲ್ಲಿ ಉಳಿದಿದ್ದ ಸಿಪ್ರೊಫ್ಲಾಕ್ಸಾಸಿನ್ ಮಾತ್ರೆಗಳನ್ನೇ ಎರಡು ದಿನ ನುಂಗಿದರು. ತಗ್ಗಲಿಲ್ಲ. ಮೂರನೇ ದಿನ ವೈದ್ಯರನ್ನು ಕಂಡರು, ಮೂತ್ರ ನಮ್ಮ ಲ್ಯಾಬಿಗೆ ಬಂತು.

ನಾನು ಕೆಲಸ ಮಾಡುವುದು ಸೂಕ್ಷ್ಮಜೀವಿ ವಿಭಾಗದಲ್ಲಿ. ಇಲ್ಲಿರುವ ರೋಗಿ ಒಬ್ಬರೇ ವ್ಯಕ್ತಿಯಲ್ಲ; ಒಂದೇ ದಾರಿಯಲ್ಲಿ ಸಾಗಿದ ಹಲವು ಪ್ರಕರಣಗಳನ್ನು ಸೇರಿಸಿ, ಯಾರ ಗುರುತೂ ಸಿಗದಂತೆ ಕಟ್ಟಿಕೊಂಡ ಚಿತ್ರ ಇದು. ಕಲ್ಚರ್ ರಿಪೋರ್ಟ್ ಕೈಗೆ ಬಂದ ಮೇಲೂ ಚಿಕಿತ್ಸೆ ಎಲ್ಲಿ ದಾರಿ ತಪ್ಪುತ್ತದೆ ಎಂಬುದು ಇಂಥ ಪ್ರಕರಣದಲ್ಲಿ ಚೆನ್ನಾಗಿ ಕಾಣುತ್ತದೆ. ಬ್ಯಾಕ್ಟೀರಿಯಾದ ಬಗ್ಗೆ ಕೇಳಬೇಕಾದ ಪ್ರಶ್ನೆಗಳು ಎರಡು. ಅದು ಯಾವ ಔಷಧಿಗೆ ಬಗ್ಗುತ್ತದೆ, ಯಾವುದಕ್ಕೆ ಬಗ್ಗುವುದಿಲ್ಲ? ಇದು ಪ್ರತಿರೋಧದ ಪ್ರಶ್ನೆ. ಅದು ದೇಹದೊಳಗೆ ಎಲ್ಲಿಯವರೆಗೆ ಹೋಗಬಲ್ಲದು, ಅಲ್ಲಿ ಏನು ಹಾನಿ ಮಾಡಬಲ್ಲದು? ಇದು ಉಗ್ರತೆಯ ಪ್ರಶ್ನೆ. ನಾವು ಅಚ್ಚು ಹಾಕಿ ಕೊಡುವ ಹಾಳೆಯಲ್ಲಿ ಮೊದಲನೆಯದಕ್ಕೆ ಮಾತ್ರ ಉತ್ತರವಿರುತ್ತದೆ. ಎರಡನೆಯದನ್ನು ರೋಗಿಯ ಮೈಯಿಂದಲೇ ಓದಿಕೊಳ್ಳಬೇಕು.

ಪ್ಲೇಟಿನಲ್ಲಿ ಕಂಡದ್ದು

ಮೂತ್ರ ಎರಡು ಗಂಟೆಯೊಳಗೆ ತಲುಪಿತ್ತು. ಇದು ಸಣ್ಣ ಸಂಗತಿಯಂತೆ ಕಂಡರೂ ಹಾಗಲ್ಲ. ಬೆಚ್ಚಗಿನ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೇಗ ದ್ವಿಗುಣವಾಗುತ್ತಾ ಹೋಗುವುದರಿಂದ, ಮಧ್ಯಾಹ್ನದವರೆಗೆ ಮೇಜಿನ ಮೇಲೆ ಕೂತ ಬಾಟಲಿಯ ಎಣಿಕೆಯನ್ನು ನಂಬಲಾಗದು, ತಡವಾಗುವುದಿದ್ದರೆ ಫ್ರಿಜ್‌ನಲ್ಲಿಡಬೇಕು. ಸೂಕ್ಷ್ಮದರ್ಶಕದಲ್ಲಿ ಕೀವುಕಣಗಳು ತುಂಬಿದ್ದವು. ಒಂದು ಮೈಕ್ರೊಲೀಟರ್ ಹಿಡಿಯುವ ಲೂಪಿನಿಂದ ಬಿತ್ತಿದ ಪ್ಲೇಟಿನಲ್ಲಿ ಮರುದಿನ ಒಂದೇ ಬಗೆಯ ಕಾಲನಿಗಳು ಎಣಿಸಲಾಗದಷ್ಟು ಬೆಳೆದಿದ್ದವು. ಆ ಲೂಪಿನ ಲೆಕ್ಕದಲ್ಲಿ ಒಂದು ಕಾಲನಿ ಎಂದರೆ ಮಿಲಿಲೀಟರಿಗೆ 1,000 ಬ್ಯಾಕ್ಟೀರಿಯಾ; ಇಲ್ಲಿ ಒಂದು ಲಕ್ಷದ ಗಡಿ ದಾಟಿತ್ತು. ಈ ಒಂದು ಲಕ್ಷದ ಗಡಿ 1956ರಲ್ಲಿ ಎಡ್ವರ್ಡ್ ಕಾಸ್ ಅವರ ಕೆಲಸದಿಂದ ಬಳಕೆಗೆ ಬಂತು. ಉರಿ, ಪದೇಪದೇ ಮೂತ್ರ ಇವೆಲ್ಲ ಸ್ಪಷ್ಟವಾಗಿರುವ ಮಹಿಳೆಯಲ್ಲಿ ಅದಕ್ಕಿಂತ ಬಹಳ ಕಡಿಮೆ ಎಣಿಕೆಯೂ ಸೋಂಕೇ ಆಗಿರಬಹುದು, ಏನೂ ತೊಂದರೆಯಿಲ್ಲದವರಲ್ಲಿ ಒಂದು ಲಕ್ಷವಿದ್ದರೂ ಚಿಕಿತ್ಸೆ ಬೇಡವಾಗಿರಬಹುದು. ಈ ಎರಡನೇ ಮಾತು ಮುಂದೆ ಇದೇ ರೋಗಿಗೆ ಬೇಕಾಗುತ್ತದೆ.

ಬೆಳೆದದ್ದು ಕರುಳಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾ ಎಶ್ಚೆರಿಚಿಯ ಕೋಲೈ (ಎ. ಕೋಲೈ). ಅಚ್ಚರಿಯಿಲ್ಲ, ಸಾಮಾನ್ಯ ಮೂತ್ರಕೋಶದ ಸೋಂಕುಗಳಲ್ಲಿ ನಾಲ್ಕರಲ್ಲಿ ಮೂರಕ್ಕೆ ಇದೇ ಕಾರಣ. ಔಷಧಿ ಬಿಲ್ಲೆಗಳ ಪರೀಕ್ಷೆಯಲ್ಲಿ ಸಿಪ್ರೊಫ್ಲಾಕ್ಸಾಸಿನ್, ಕೋಟ್ರೈಮಾಕ್ಸಜೋಲ್, ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್ ನಾಲ್ಕಕ್ಕೂ ‘ಆರ್’, ಅಂದರೆ ಪ್ರತಿರೋಧ. ಸೆಫೊಟಾಕ್ಸಿಮ್ ಬಿಲ್ಲೆಯ ಸುತ್ತ ಬೆಳವಣಿಗೆ ನಿಂತ ವೃತ್ತ 12 ಮಿಲಿಮೀಟರ್. ಅದೇ ಔಷಧಿಗೆ, ಅದನ್ನು ಮುರಿಯುವ ಕಿಣ್ವವನ್ನು ತಡೆಯುವ ಕ್ಲಾವುಲನೇಟ್ ಸೇರಿಸಿದ ಬಿಲ್ಲೆಯ ಸುತ್ತ 26. ಈ ಅಂತರ 5 ಮಿಲಿಮೀಟರ್ ಅಥವಾ ಹೆಚ್ಚಿದ್ದರೆ ಆ ತಳಿ ಇಎಸ್‌ಬಿಎಲ್ ಎಂಬ ಕಿಣ್ವವನ್ನು ತಯಾರಿಸುತ್ತಿದೆ ಎಂದರ್ಥ. ಪೆನಿಸಿಲಿನ್ ಮತ್ತು ಸೆಫಲೊಸ್ಪೊರಿನ್ ಗುಂಪಿನ ಬಹುಪಾಲು ಔಷಧಿಗಳನ್ನು ಮುರಿದುಹಾಕುವ ಕಿಣ್ವ ಅದು. ‘ಎಸ್’, ಅಂದರೆ ಔಷಧಿಗೆ ಬಗ್ಗುತ್ತದೆ, ಎಂದು ಬಂದ ಸಾಲಿನಲ್ಲಿ ನೈಟ್ರೊಫ್ಯುರಾಂಟೊಯಿನ್, ಫಾಸ್ಫೊಮೈಸಿನ್, ಅಮಿಕಾಸಿನ್, ಪಿಪೆರಾಸಿಲಿನ್-ಟಾಜೊಬ್ಯಾಕ್ಟಮ್, ಎರ್ಟಾಪೆನೆಮ್, ಮೆರೊಪೆನೆಮ್ ಇದ್ದವು.

ಎಂಟು ತಿಂಗಳ ಔಷಧಿಗಳ ಚರಿತ್ರೆ ಈ ಸಾಲುಗಳಲ್ಲೇ ಇದೆ. ಸಿಪ್ರೊಫ್ಲಾಕ್ಸಾಸಿನ್ ಹಿಡಿಯುವುದು ಬ್ಯಾಕ್ಟೀರಿಯಾದ ಡಿಎನ್‌ಎ ಗೈರೇಸ್ ಎಂಬ ಕಿಣ್ವವನ್ನು. ಆ ಕಿಣ್ವದ 83 ಮತ್ತು 87ನೇ ಸ್ಥಾನಗಳಲ್ಲಿ ಒಂದೊಂದು ಅಮೈನೊ ಆಮ್ಲ ಬದಲಾದರೆ ಔಷಧಿಗೆ ಹಿಡಿತ ಸಿಗುವುದಿಲ್ಲ. ಇಂಥ ಬದಲಾವಣೆ ಹೊತ್ತ ತಳಿ ಕರುಳಿನಲ್ಲಿ ಸಣ್ಣ ಸಂಖ್ಯೆಯಲ್ಲಿದ್ದಿರಬಹುದು. ಸಿಪ್ರೊಫ್ಲಾಕ್ಸಾಸಿನ್ ನುಂಗಿದಾಗಲೆಲ್ಲ ಅದರ ಜೊತೆಗಿದ್ದ ಬಡಪಾಯಿ ತಳಿಗಳು ಸತ್ತು ಇದಕ್ಕೆ ಜಾಗ ಬಿಟ್ಟುಕೊಟ್ಟವು. ಇಎಸ್‌ಬಿಎಲ್ ವಂಶವಾಹಿ ಇರುವುದು ಹೆಚ್ಚಾಗಿ ಪ್ಲಾಸ್ಮಿಡ್‌ನಲ್ಲಿ. ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲ ಈ ಡಿಎನ್‌ಎ ಉಂಗುರದಲ್ಲಿ ಸಲ್ಫಾ, ಟ್ರೈಮೆಥೊಪ್ರಿಮ್ ಮುಂತಾದವಕ್ಕೆ ಪ್ರತಿರೋಧ ಕೊಡುವ ವಂಶವಾಹಿಗಳೂ ಕೂಡಿಕೊಂಡಿರುತ್ತವೆ. ಹೀಗಾಗಿ ಸಲ್ಫಾ, ಟ್ರೈಮೆಥೊಪ್ರಿಮ್ ಎರಡೂ ಸೇರಿದ ಕೋಟ್ರೈಮಾಕ್ಸಜೋಲ್ ಅನ್ನು ಈ ಮಹಿಳೆ ಮುಟ್ಟದಿದ್ದರೂ ಅದು ‘ಆರ್’ ಆಯಿತು. ಒಂದು ಔಷಧಿ ತೆಗೆದುಕೊಂಡರೆ ಅದಕ್ಕೆ ಮಾತ್ರ ಪ್ರತಿರೋಧ ಬೆಳೆಯುತ್ತದೆ ಎಂಬ ನಂಬಿಕೆ ಎಷ್ಟು ಅಪಾಯಕಾರಿ ಎಂದು ಪ್ರತಿ ವಾರ ಇಂಥ ಪ್ಲೇಟುಗಳನ್ನು ನೋಡುವವರಿಗೆ ಗೊತ್ತು.

ಮಾತ್ರೆ ಕೊಟ್ಟರೂ ಏರಿದ ಜ್ವರ

ರಿಪೋರ್ಟ್ ಹೋದದ್ದು ಐದನೇ ದಿನ. ಬಾಯಿಯಿಂದ ಕೊಡಬಹುದಾದ ಔಷಧಿಗಳಲ್ಲಿ ನೈಟ್ರೊಫ್ಯುರಾಂಟೊಯಿನ್ ‘ಎಸ್’ ಎಂದಿತ್ತು, ವೈದ್ಯರು ಫೋನಿನಲ್ಲೇ ಅದನ್ನು ಬರೆಸಿದರು. ಆ ಬೆಳಗಿನಿಂದ ಮೈ ಬೆಚ್ಚಗಿದ್ದದ್ದು, ಬಲಗಡೆ ಸೊಂಟದ ಮೇಲ್ಭಾಗದಲ್ಲಿ ನೋವು ಶುರುವಾದದ್ದು ಆ ಮಾತುಕತೆಯಲ್ಲಿ ಬರಲಿಲ್ಲ. ಏಳನೇ ದಿನ ರಾತ್ರಿ ಚಳಿ-ನಡುಕ, ವಾಂತಿ, 103 ಡಿಗ್ರಿ ಜ್ವರ, ರಕ್ತದೊತ್ತಡ 94/60. ಆಸ್ಪತ್ರೆಗೆ ಸೇರಿಸಿದ ಮೇಲೆ ಅಲ್ಲಿನ ವೈದ್ಯರಿಂದ ಲ್ಯಾಬಿಗೆ ಫೋನ್ ಬಂತು: “ನಿಮ್ಮ ರಿಪೋರ್ಟ್‌ನಲ್ಲಿ ಎಸ್ ಅಂತಿದೆ. ಎರಡು ದಿನ ಮಾತ್ರೆ ಹೊಟ್ಟೆಗೆ ಹೋಗಿದೆ. ಮತ್ತೆ ಹೀಗ್ಯಾಕೆ?”

ರಿಪೋರ್ಟ್ ಸರಿಯಿತ್ತು. ನೈಟ್ರೊಫ್ಯುರಾಂಟೊಯಿನ್ ಬಳಕೆಗೆ ಬಂದದ್ದು 1953ರಲ್ಲಿ. ಇಷ್ಟು ವರ್ಷ ಕಳೆದರೂ ಎ. ಕೋಲೈ ಮೇಲೆ ಅದರ ಶಕ್ತಿ ಬಹುಮಟ್ಟಿಗೆ ಉಳಿದಿದೆ. ಅದು ಬ್ಯಾಕ್ಟೀರಿಯಾದೊಳಗೆ ಒಂದೇ ಸಲಕ್ಕೆ ಹಲವು ಕಡೆ ಹಾನಿ ಮಾಡುವುದರಿಂದ ತಪ್ಪಿಸಿಕೊಳ್ಳುವ ದಾರಿ ಸುಲಭಕ್ಕೆ ಸಿಗುವುದಿಲ್ಲ. ಆದರೆ ಈ ಔಷಧಿ ರಕ್ತದಲ್ಲಿ ನಿಲ್ಲದೆ ಬೇಗ ಮೂತ್ರಕ್ಕೆ ಇಳಿದುಬಿಡುತ್ತದೆ. ಮೂತ್ರಕೋಶದಲ್ಲಿ ಅದರ ಸಾಂದ್ರತೆ ಬೇಕಾದಷ್ಟು. ಮೂತ್ರಪಿಂಡದ ಅಂಗಾಂಶದಲ್ಲಿ, ರಕ್ತದಲ್ಲಿ ಬ್ಯಾಕ್ಟೀರಿಯಾವನ್ನು ತಡೆಯುವಷ್ಟು ಇರುವುದೇ ಇಲ್ಲ. ಪ್ಲೇಟಿನ ಮೇಲೆ ಬಿಲ್ಲೆ ಮತ್ತು ಬ್ಯಾಕ್ಟೀರಿಯಾ ಒಂದೇ ಜಾಗದಲ್ಲಿ ಭೇಟಿಯಾಗುತ್ತವೆ. ಈ ಮಹಿಳೆಯ ಮೈಯಲ್ಲಿ ಔಷಧಿ ಮೂತ್ರಕೋಶದಲ್ಲಿತ್ತು, ಬ್ಯಾಕ್ಟೀರಿಯಾ ಅಷ್ಟರಲ್ಲಿ ಮೂತ್ರಪಿಂಡ ಸೇರಿತ್ತು. ಬಾಯಿಯಿಂದ 3 ಗ್ರಾಂ ಒಂದೇ ಡೋಸಿನ ಫಾಸ್ಫೊಮೈಸಿನ್ ಕೊಟ್ಟಿದ್ದರೂ ಇದೇ ಆಗುತ್ತಿತ್ತು. ಜ್ವರ, ಚಳಿ, ಸೊಂಟದ ಪಕ್ಕದ ನೋವು ಇವುಗಳಲ್ಲಿ ಯಾವುದಾದರೂ ಇದೆಯೇ ಎಂದು ಕೇಳದೆ ಈ ಎರಡು ಔಷಧಿಗಳನ್ನು ಆರಿಸಬಾರದು. ನನ್ನ ಪ್ರಕಾರ ಆ ಸಾಲಿನ ಪಕ್ಕದಲ್ಲಿ ‘ಮೂತ್ರಕೋಶದ ಸೋಂಕಿಗೆ ಮಾತ್ರ’ ಎಂದು ಪ್ರತಿ ಲ್ಯಾಬ್ ಕಡ್ಡಾಯವಾಗಿ ಅಚ್ಚು ಹಾಕಬೇಕು.

ಆ ರಾತ್ರಿ ಪಿಪೆರಾಸಿಲಿನ್-ಟಾಜೊಬ್ಯಾಕ್ಟಮ್ ಸಾಕೇ ಎಂಬ ಚರ್ಚೆಯೂ ನಡೆಯಿತು. ಪಟ್ಟಿಯಲ್ಲಿ ಅದೂ ‘ಎಸ್’. ಮೆರೊಪೆನೆಮ್, ಎರ್ಟಾಪೆನೆಮ್ ಸೇರಿದ ಕಾರ್ಬಪೆನೆಮ್ ಗುಂಪನ್ನು ಕೊನೆಗೆಂದು ಉಳಿಸಿಕೊಳ್ಳಬೇಕೆಂಬ ಕಾಳಜಿ ಸರಿಯಾದದ್ದೇ. ಆದರೆ 2018ರಲ್ಲಿ ಪ್ರಕಟವಾದ ಮೆರಿನೊ ಅಧ್ಯಯನ ಈ ಪ್ರಶ್ನೆಯನ್ನೇ ಕೈಗೆತ್ತಿಕೊಂಡಿತ್ತು: ಸೆಫ್ಟ್ರಿಯಾಕ್ಸೋನ್‌ಗೆ ಬಗ್ಗದ ಎ. ಕೋಲೈ ಅಥವಾ ಕ್ಲೆಬ್ಸಿಯೆಲ್ಲಾ ರಕ್ತಕ್ಕೆ ಸೇರಿದವರಲ್ಲಿ 30 ದಿನಗಳೊಳಗಿನ ಸಾವು ಪಿಪೆರಾಸಿಲಿನ್-ಟಾಜೊಬ್ಯಾಕ್ಟಮ್ ಗುಂಪಿನಲ್ಲಿ ಶೇ. 12.3, ಮೆರೊಪೆನೆಮ್ ಗುಂಪಿನಲ್ಲಿ ಶೇ. 3.7. ಒತ್ತಡ ಇಳಿದಿರುವ, ರಕ್ತಕ್ಕೆ ಸೋಂಕು ಹರಡಿರುವ ಸಾಧ್ಯತೆ ಹೆಚ್ಚಿರುವ ರೋಗಿಯಲ್ಲಿ ಆ ಅಂತರವನ್ನು ಕಡೆಗಣಿಸಲಾಗದು. ರಕ್ತದ ಕಲ್ಚರ್ ತೆಗೆದು ಮೆರೊಪೆನೆಮ್ ಶುರು ಮಾಡಿದರು. ಅಲ್ಟ್ರಾಸೌಂಡ್‌ನಲ್ಲಿ ಕಲ್ಲು, ತಡೆ, ಕೀವುಗಂಟು ಏನೂ ಇರಲಿಲ್ಲ. ರಕ್ತದಲ್ಲಿ ಅದೇ ತಳಿ ಬೆಳೆಯಿತು. ಮೂರನೇ ದಿನಕ್ಕೆ ಜ್ವರ ಬಿಟ್ಟಿತು, ದಿನಕ್ಕೊಮ್ಮೆ ಕೊಡುವ ಎರ್ಟಾಪೆನೆಮ್‌ಗೆ ಬದಲಾಯಿಸಿ ಒಟ್ಟು ಏಳು ದಿನಕ್ಕೆ ನಿಲ್ಲಿಸಿದರು. ರಕ್ತದ ಸೋಂಕೆಂದರೆ ಹದಿನಾಲ್ಕು ದಿನ ಕೊಡಲೇಬೇಕು ಎಂಬ ರೂಢಿ ಇನ್ನೂ ಹಲವೆಡೆ ಇದೆ. ತಡೆ ಇಲ್ಲದ, ಬೇಗ ಚೇತರಿಸಿಕೊಂಡ ರೋಗಿಗಳಿಗೆ ಏಳು ದಿನ ಸಾಕೆಂದು 2024ರ ಕೊನೆಯಲ್ಲಿ ಬಂದ ಬ್ಯಾಲೆನ್ಸ್ ಅಧ್ಯಯನ ದೊಡ್ಡ ಪ್ರಮಾಣದಲ್ಲೇ ತೋರಿಸಿದೆ.

ಮೇಲಕ್ಕೆ ಹತ್ತುವ ಶಕ್ತಿ ಎಲ್ಲಿಂದ ಬಂತು

ಮೊದಲೆರಡು ಸಲ ಉರಿಯಲ್ಲೇ ಮುಗಿದದ್ದು ಮೂರನೇ ಸಲ ರಕ್ತದವರೆಗೆ ಹೋದದ್ದು ಹೇಗೆ? ತಳಿಯನ್ನು ಸಂಶೋಧನೆಗೆಂದು ವಂಶವಾಹಿ ಪರೀಕ್ಷೆಗೆ ಕಳಿಸಲಾಗಿತ್ತು. ಬಂದ ಉತ್ತರ: ಎಸ್‌ಟಿ131 ವಂಶ, ಸಿಟಿಎಕ್ಸ್-ಎಂ-15 ಇಎಸ್‌ಬಿಎಲ್, ಉಗ್ರತೆಗೆ ಸಂಬಂಧಿಸಿದವುಗಳಲ್ಲಿ ಫಿಮ್-ಎಚ್, ಪ್ಯಾಪ್-ಜಿ ಎರಡನೇ ಬಗೆ, ಏರೊಬ್ಯಾಕ್ಟಿನ್ ಗ್ರಾಹಕ. ಕೆಂಪು ರಕ್ತಕಣ ಒಡೆಯುವ ಹೀಮೊಲೈಸಿನ್ ಇರಲಿಲ್ಲ.

ಫಿಮ್-ಎಚ್ ಬಹುತೇಕ ಎಲ್ಲ ಎ. ಕೋಲೈಗಳಲ್ಲೂ ಇದೆ. ಬ್ಯಾಕ್ಟೀರಿಯಾದ ಮೈಮೇಲಿನ ಕೂದಲಿನಂಥ ಎಳೆಯ ತುದಿಯಲ್ಲಿ ಕೂರುವ ಈ ಪ್ರೋಟೀನು ಮೂತ್ರಕೋಶದ ಒಳಪದರದ ಯುರೊಪ್ಲಾಕಿನ್ ಎಂಬ ಪ್ರೋಟೀನಿನ ಮೇಲಿನ ಮ್ಯಾನೋಸ್ ಸಕ್ಕರೆಯನ್ನು ಹಿಡಿಯುತ್ತದೆ. ನನಗೆ ಇಂದಿಗೂ ಬೆರಗೆನಿಸುವುದು ಅದರ ಹಿಡಿತದ ರೀತಿ: ಮೂತ್ರದ ಹರಿವು ಜೋರಾದಾಗ ಸಡಿಲವಾಗುವ ಬದಲು, ಎಳೆದಷ್ಟೂ ಬಿಗಿಯುವ ಕುಣಿಕೆಯಂತೆ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಹರಿವು ನಿಂತಾಗ ಸಡಿಲಿಸಿ ಬೇರೆಡೆಗೆ ಸರಿಯುತ್ತದೆ. ದೇಹವೂ ಸುಮ್ಮನಿರುವುದಿಲ್ಲ, ಮೂತ್ರಪಿಂಡ ಸ್ರವಿಸುವ ಯುರೊಮೊಡುಲಿನ್ ಎಂಬ ಪ್ರೋಟೀನು ಅದೇ ಬಗೆಯ ಸಕ್ಕರೆಯನ್ನು ಹೊತ್ತು ತೇಲುತ್ತಾ ಬ್ಯಾಕ್ಟೀರಿಯಾವನ್ನು ತನ್ನತ್ತ ಸೆಳೆದು ಮೂತ್ರದೊಂದಿಗೆ ಹೊರಗೆ ಒಯ್ಯುತ್ತದೆ. ಅಂಟಿಕೊಂಡ ಕೆಲವು ಬ್ಯಾಕ್ಟೀರಿಯಾ ಒಳಪದರದ ಜೀವಕೋಶದೊಳಕ್ಕೇ ನುಗ್ಗಿ, ಅಲ್ಲಿ ಗುಂಪುಗಟ್ಟಿ ಬೆಳೆಯುತ್ತವೆ. ಹಲವು ಔಷಧಿಗಳು ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಇಲಿಗಳಲ್ಲಿ ಈ ಹಂತಗಳನ್ನು ವಿವರವಾಗಿ ನೋಡಲಾಗಿದೆ, ಸೋಂಕಿರುವ ಮಹಿಳೆಯರ ಮೂತ್ರದಲ್ಲೂ ಇಂಥ ಗುಂಪುಗಳಿರುವ ಜೀವಕೋಶಗಳು ಸಿಕ್ಕಿವೆ. ಉರಿ ಹೋಗಿ ಕೆಲವೇ ವಾರಗಳಲ್ಲಿ ಅದೇ ತಳಿ ಮರುಕಳಿಸುವುದಕ್ಕೆ ಇದೊಂದು ಕಾರಣ. ಇನ್ನೊಂದು, ಕರುಳಿನಲ್ಲೇ ಅದು ನೆಲೆಸಿರುವುದು.

ಮೇಲಕ್ಕೆ ಹತ್ತುವುದು ಬೇರೆಯೇ ಕೆಲಸ. ಅಲ್ಲಿ ಪ್ಯಾಪ್-ಜಿ ಮುಖ್ಯವಾಗುತ್ತದೆ. ಇದು ಹಿಡಿಯುವುದು ಮ್ಯಾನೋಸನ್ನಲ್ಲ, ಮೂತ್ರಪಿಂಡದ ಜೀವಕೋಶಗಳ ಮೇಲೆ ಹೇರಳವಾಗಿರುವ ಬೇರೊಂದು ಸಕ್ಕರೆ-ಕೊಬ್ಬಿನ ಅಣುವನ್ನು. ಒಂಬತ್ತು ನೂರಕ್ಕೂ ಹೆಚ್ಚು ತಳಿಗಳ ಜೀನೋಮ್‌ಗಳನ್ನು ಹೋಲಿಸಿ 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಮೂತ್ರಪಿಂಡ ಮತ್ತು ರಕ್ತಕ್ಕೆ ನುಗ್ಗುವ ತಳಿಗಳನ್ನು ಉಳಿದವುಗಳಿಂದ ಬೇರ್ಪಡಿಸುವ ಮುಖ್ಯ ಗುರುತು ಪ್ಯಾಪ್-ಜಿ ಎರಡನೇ ಬಗೆ ಎಂದು ತೋರಿಸಿತು. ಬೇರೆಬೇರೆ ವಂಶಗಳು ಅದನ್ನು ಬೇರೆಬೇರೆ ಕಾಲದಲ್ಲಿ ಪಡೆದುಕೊಂಡಿವೆ. ರಕ್ತ ಸೇರಿದ ಮೇಲೆ ಬ್ಯಾಕ್ಟೀರಿಯಾಗೆ ಕಬ್ಬಿಣದ ಕೊರತೆ. ಏರೊಬ್ಯಾಕ್ಟಿನ್‌ನಂಥ ಅಣುಗಳನ್ನು ಹೊರಬಿಟ್ಟು, ಕಬ್ಬಿಣ ಹಿಡಿದ ಅವನ್ನು ಗ್ರಾಹಕದ ಮೂಲಕ ಮರಳಿ ಒಳಗೆಳೆದುಕೊಂಡು ಅದು ಬದುಕುತ್ತದೆ.

ಪ್ರತಿರೋಧ ಹೆಚ್ಚಿದಷ್ಟೂ ಬ್ಯಾಕ್ಟೀರಿಯಾ ದುರ್ಬಲವಾಗುತ್ತದೆ ಎಂಬ ಅಭಿಪ್ರಾಯ ಒಂದು ಕಾಲದಲ್ಲಿ ಬಲವಾಗಿತ್ತು, ಅದಕ್ಕೆ ಆಧಾರವೂ ಇತ್ತು. ಕ್ವಿನೊಲೋನ್ (ಸಿಪ್ರೊಫ್ಲಾಕ್ಸಾಸಿನ್ ಸೇರಿದ ಗುಂಪು) ಪ್ರತಿರೋಧಿ ತಳಿಗಳಲ್ಲಿ ಉಗ್ರತೆಯ ವಂಶವಾಹಿಗಳು ಸರಾಸರಿಯಲ್ಲಿ ಕಡಿಮೆ ಕಂಡಿದ್ದವು. ಕ್ವಿನೊಲೋನ್ ತಗುಲಿದ ತಳಿಗಳು ಉಗ್ರತೆಯ ವಂಶವಾಹಿಗಳಿರುವ ಡಿಎನ್‌ಎ ತುಂಡುಗಳನ್ನೇ ಕಳೆದುಕೊಳ್ಳಬಹುದೆಂದು ಪ್ರಯೋಗಗಳೂ ತೋರಿಸಿದ್ದವು. ಹಲವು ಖಂಡಗಳಲ್ಲಿ ಒಮ್ಮೆಗೇ ಹರಡಿರುವುದು 2008ರಲ್ಲಿ ಬೆಳಕಿಗೆ ಬಂದ ಎಸ್‌ಟಿ131 ಈ ಸಮಾಧಾನವನ್ನು ಕಿತ್ತುಕೊಂಡಿತು. ಮೂತ್ರನಾಳದಲ್ಲಿ ಸೋಂಕು ಮಾಡಲು ಮೊದಲೇ ಸಜ್ಜಾಗಿದ್ದ ಬಿ2 ಎಂಬ ಗುಂಪಿಗೆ ಸೇರಿದ ಈ ವಂಶ ಸಿಪ್ರೊಫ್ಲಾಕ್ಸಾಸಿನ್ ಪ್ರತಿರೋಧವನ್ನೂ ಸಿಟಿಎಕ್ಸ್-ಎಂ-15 ಅನ್ನೂ ಉಗ್ರತೆ ಬಿಟ್ಟುಕೊಡದೆ ಸೇರಿಸಿಕೊಂಡಿತು. ಈ ಮಹಿಳೆಯ ತಳಿ ಆ ಸಾಲಿನದು. ತಪ್ಪು ಔಷಧಿಗಳು ಅದಕ್ಕೆ ಸಮಯ ಕೊಟ್ಟವು. ಮೇಲೆ ಹತ್ತುವ ಸಾಮರ್ಥ್ಯ ಅದರದ್ದೇ.

ಹಾಗಾದರೆ ಪ್ರತಿ ರಿಪೋರ್ಟ್‌ನಲ್ಲೂ ಈ ವಂಶವಾಹಿಗಳ ಪಟ್ಟಿ ಕೊಡಬೇಕೇ? ಬೇಡ ಎಂದೇ ನನ್ನ ಅಭಿಪ್ರಾಯ. ವಂಶವಾಹಿ ಇದ್ದಮಾತ್ರಕ್ಕೆ ಅದು ಕೆಲಸ ಮಾಡುತ್ತಿದೆ ಎನ್ನಲಾಗದು. ಫಿಮ್-ಎಚ್ ಇರುವ ಎಳೆಗಳನ್ನು ಕಟ್ಟುವ ವಂಶವಾಹಿಗಳ ಮುಂದೆ ತಿರುಗುಮುರುಗಾಗುವ ಒಂದು ಪುಟ್ಟ ಡಿಎನ್‌ಎ ತುಣುಕಿದೆ; ಅದು ಒಂದು ದಿಕ್ಕಿಗಿದ್ದರೆ ಎಳೆ ಬರುತ್ತದೆ, ಇನ್ನೊಂದು ದಿಕ್ಕಿಗಿದ್ದರೆ ಬರುವುದಿಲ್ಲ. ಪಟ್ಟಿ ಉದ್ದವಾದಷ್ಟೂ ಭಯದಿಂದ ಬರೆಯುವ ಔಷಧಿಗಳೂ ಉದ್ದವಾಗುತ್ತವೆ. ಮೂತ್ರಪಿಂಡದವರೆಗೆ ಸೋಂಕು ಹೋಗಿದೆಯೇ ಎಂದು ತಿಳಿಯಲು ಬೇಕಾದದ್ದು ಥರ್ಮಾಮೀಟರ್, ಬೆನ್ನಿನ ಮೇಲೆ ಮೆಲ್ಲನೆ ಗುದ್ದಿ ನೋಡುವ ಕೈ, ಎರಡು ನೇರ ಪ್ರಶ್ನೆ.

ಆರು ವಾರದ ನಂತರದ ಮೂತ್ರ

ಮನೆಗೆ ಹೋಗಿ ಆರು ವಾರಕ್ಕೆ ಮಹಿಳೆ ಆರಾಮವಾಗಿದ್ದರು. ಆದರೂ ‘ಪೂರ್ತಿ ಹೋಗಿದೆಯಾ ನೋಡೋಣ’ ಎಂದು ಮಗಳು ಇನ್ನೊಂದು ಕಲ್ಚರ್ ಮಾಡಿಸಿದರು. ಮತ್ತೆ ಎ. ಕೋಲೈ, ಮತ್ತೆ ಒಂದು ಲಕ್ಷದ ಮೇಲೆ, ಮತ್ತೆ ಅದೇ ‘ಆರ್’ ಸಾಲುಗಳು. ಮಗಳು ರಿಪೋರ್ಟ್ ಹಿಡಿದು ವೈದ್ಯರಲ್ಲಿಗೆ ಓಡಿದರು: “ಡಾಕ್ಟ್ರೇ, ಅಮ್ಮನಿಗೆ ಆಸ್ಪತ್ರೆ ಸೇರಿಸಿದ್ದು ಇದೇ ಅಲ್ವಾ? ಇನ್ನೂ ಇದೆಯಲ್ಲ, ಇಂಜೆಕ್ಷನ್ ಶುರು ಮಾಡಿಬಿಡಿ.” ಆ ಭಯ ಸಹಜ. ತಾಯಿ ನಡುಗಿದ್ದನ್ನು ಕಣ್ಣಾರೆ ಕಂಡವರು ಅವರು.

ಔಷಧಿ ಕೊಡಲಿಲ್ಲ. ಈ ಪ್ರಕರಣದಲ್ಲಿ ಮಾಡಿದ ಅತ್ಯಂತ ಕಷ್ಟದ ಕೆಲಸ ಅದೇ ಎಂದು ನಾನು ಭಾವಿಸುತ್ತೇನೆ. ತೊಂದರೆಯಿಲ್ಲದೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇರುವುದು ವಯಸ್ಸಾದ ಮಹಿಳೆಯರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಸಾಮಾನ್ಯ. ಸಕ್ಕರೆ ಕಾಯಿಲೆಯ ಮಹಿಳೆಯರಲ್ಲಿ ಅದಕ್ಕೆ ಚಿಕಿತ್ಸೆ ಕೊಟ್ಟರೆ ಮುಂದಿನ ಸೋಂಕುಗಳು ತಪ್ಪುವುದಿಲ್ಲ ಎಂದು 2002ರ ಅಧ್ಯಯನವೊಂದು ತೋರಿಸಿದೆ. ಪದೇಪದೇ ಸೋಂಕಾಗುವ ಮಹಿಳೆಯರಲ್ಲಿ ಇಂಥ ಬ್ಯಾಕ್ಟೀರಿಯಾಗೆ ಔಷಧಿ ಕೊಟ್ಟಾಗ ಮರುಕಳಿಕೆ ಹೆಚ್ಚಾದದ್ದನ್ನು 2012ರಲ್ಲಿ ಇಟಲಿಯ ಸಂಶೋಧಕರು ವರದಿ ಮಾಡಿದರು. ಗರ್ಭಿಣಿಯರು ಮತ್ತು ಮೂತ್ರನಾಳದ ಒಳಪದರಕ್ಕೆ ಗಾಯವಾಗುವಂಥ ಶಸ್ತ್ರಕ್ರಿಯೆಗೆ ಸಿದ್ಧರಾದವರು ಇದಕ್ಕೆ ಅಪವಾದ.

ಸುಮ್ಮನಿರುವ ಬ್ಯಾಕ್ಟೀರಿಯಾ ಕಾವಲೂ ಕಾಯಬಲ್ಲದು ಎಂಬುದಕ್ಕೆ 83972 ಎಂಬ ತಳಿಯ ಉದಾಹರಣೆಯನ್ನು ನಾನು ವಿದ್ಯಾರ್ಥಿಗಳಿಗೆ ತಪ್ಪದೆ ಹೇಳುತ್ತೇನೆ. ಸ್ವೀಡನ್ನಿನ ಹುಡುಗಿಯೊಬ್ಬಳ ಮೂತ್ರದಲ್ಲಿ ಮೂರು ವರ್ಷ ಯಾವ ತೊಂದರೆಯನ್ನೂ ಕೊಡದೆ ಇದ್ದ ಎ. ಕೋಲೈ ಅದು. ಅದರ ವಂಶವಾಹಿಗಳನ್ನು ನೋಡಿದಾಗ, ಉಗ್ರ ತಳಿಯ ಸಂತಾನವೇ ಆಗಿದ್ದ ಅದು ಕಾಲಕ್ರಮದಲ್ಲಿ ಅಂಟಿಕೊಳ್ಳುವ ಎಳೆಗಳ ಶಕ್ತಿಯನ್ನು ಕಳೆದುಕೊಂಡಿತ್ತು. ಪದೇಪದೇ ಸೋಂಕಾಗುತ್ತಿದ್ದ ಕೆಲವರ ಮೂತ್ರಕೋಶಕ್ಕೆ ಅದನ್ನು ಉದ್ದೇಶಪೂರ್ವಕವಾಗಿ ಬಿಟ್ಟು ನೋಡಿದಾಗ, ಅದು ನೆಲೆಸಿದ್ದಷ್ಟು ಕಾಲ ಅವರಲ್ಲಿ ಸೋಂಕು ಕಡಿಮೆಯಾಯಿತು. ನಮ್ಮ ರೋಗಿಯ ಮೂತ್ರದಲ್ಲಿದ್ದದ್ದು ಹಾಗೆ ಪಳಗಿದೆ ಎಂದು ನಾನು ಹೇಳುತ್ತಿಲ್ಲ. ಪಟ್ಟಿಯ ಎಲ್ಲ ‘ಆರ್’ಗಳಿದ್ದೂ ತಳಿಯೊಂದು ಆ ಹೊತ್ತಿಗೆ ಹಾನಿ ಮಾಡದಿರಬಹುದು, ಆಗ ಮೆರೊಪೆನೆಮ್ ಕೊಡುವುದರಿಂದ ಆಗುವ ಒಂದೇ ಖಚಿತ ಪರಿಣಾಮ ಕರುಳಿನಲ್ಲಿ ಕಾರ್ಬಪೆನೆಮ್‌ಗೂ ಬಗ್ಗದವನ್ನು ಬೆಳೆಸುವ ದಾರಿ ತೆರೆಯುವುದು. 2019ರ ಒಂದೇ ವರ್ಷದಲ್ಲಿ ಔಷಧಿ ಪ್ರತಿರೋಧವೇ ನೇರ ಕಾರಣವಾಗಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂಬ ಅಂದಾಜು ಇರುವಾಗ, ಆ ದಾರಿಯನ್ನು ಬೇಡದ ಕಡೆ ತೆರೆಯಲು ಯಾರಿಗೂ ಮನಸ್ಸಾಗಬಾರದು.

ಸುಮ್ಮನೆ ಕಳಿಸಲಿಲ್ಲ. ಯೋನಿಗೆ ಹಚ್ಚುವ ಈಸ್ಟ್ರೊಜೆನ್ ಕ್ರೀಮ್ ಬರೆದುಕೊಟ್ಟರು. ಮುಟ್ಟು ನಿಂತ ಮೇಲೆ ಅಲ್ಲಿನ ರಕ್ಷಕ ಬ್ಯಾಕ್ಟೀರಿಯಾಗಳಾದ ಲ್ಯಾಕ್ಟೊಬ್ಯಾಸಿಲಸ್‌ಗಳು ಕಡಿಮೆಯಾಗಿ ಕರುಳಿನ ಬ್ಯಾಕ್ಟೀರಿಯಾ ನೆಲೆಸುತ್ತವೆ. 1993ರ ಅಧ್ಯಯನದಲ್ಲಿ ಈ ಕ್ರೀಮ್ ಹಚ್ಚಿದವರಿಗೆ ವರ್ಷಕ್ಕೆ ಸರಾಸರಿ 0.5 ಸೋಂಕು, ಹಚ್ಚದವರಿಗೆ 5.9. ನುಂಗುವ ಈಸ್ಟ್ರೊಜೆನ್‌ನಿಂದ ಈ ಲಾಭವಿಲ್ಲ. ನೀರು ಕಡಿಮೆ ಕುಡಿಯುತ್ತಿದ್ದರು, ಅದನ್ನು ಹೆಚ್ಚಿಸಲು ಹೇಳಿದರು. ಮಗಳು ಮ್ಯಾನೋಸ್ ಪುಡಿಯ ಬಗ್ಗೆ ಕೇಳಿದರು. ಫಿಮ್-ಎಚ್ ಕಥೆ ಕೇಳಿದವರಿಗೆ ಅದು ಕೆಲಸ ಮಾಡಲೇಬೇಕು ಅನ್ನಿಸುತ್ತದೆ, ಆದರೆ 2024ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ದಿನವೂ ಅದನ್ನು ತೆಗೆದುಕೊಂಡವರಿಗೂ ಸುಳ್ಳುಪುಡಿ ತೆಗೆದುಕೊಂಡವರಿಗೂ ವ್ಯತ್ಯಾಸ ಕಾಣಲಿಲ್ಲ. ಸಕ್ಕರೆ ಹತೋಟಿಗೆ ಮಾತ್ರೆ ಬದಲಾಯಿಸಿದರು. ತೊಂದರೆ ಇಲ್ಲದಿದ್ದರೆ ಕಲ್ಚರ್ ಮಾಡಿಸಬೇಡಿ, ಉರಿ ಬಂದರೆ ಮಾತ್ರೆ ನುಂಗುವ ಮೊದಲು ಮೂತ್ರ ಕೊಡಿ, ಜ್ವರ ಬಂದರೆ ಫೋನಿನಲ್ಲಿ ಕೇಳದೆ ನೇರ ಬನ್ನಿ ಎಂದು ಬರೆದುಕೊಟ್ಟರು.

ಒಂಬತ್ತು ತಿಂಗಳ ನಂತರ ಮತ್ತೊಮ್ಮೆ ಉರಿ ಬಂತು, ಜ್ವರವಿಲ್ಲ, ಸೊಂಟದ ನೋವಿಲ್ಲ. ಈ ಸಲ ಮೊದಲು ಮೂತ್ರ ಬಂತು. ಬೆಳೆದದ್ದು ಬೇರೆ ತಳಿಯ ಎ. ಕೋಲೈ: ಇಎಸ್‌ಬಿಎಲ್ ಇಲ್ಲ, ಸಿಪ್ರೊಫ್ಲಾಕ್ಸಾಸಿನ್ ಕೂಡ ‘ಎಸ್’. ಕೊಟ್ಟದ್ದು ನೈಟ್ರೊಫ್ಯುರಾಂಟೊಯಿನ್, ಐದು ದಿನ; ಮೂರನೇ ದಿನಕ್ಕೆ ಉರಿ ನಿಂತಿತು. ಹಳೆಯ ಇಎಸ್‌ಬಿಎಲ್ ತಳಿ ಕರುಳಿನಲ್ಲಿ ಇನ್ನೂ ಇರಬಹುದಾದ್ದರಿಂದ, ಚಳಿಜ್ವರದೊಂದಿಗೆ ಬಂದರೆ ರಿಪೋರ್ಟ್‌ಗೆ ಕಾಯದೆ ಕಾರ್ಬಪೆನೆಮ್‌ನಿಂದಲೇ ಆರಂಭಿಸಬೇಕು, ಕಲ್ಚರ್ ಬಂದ ಕೂಡಲೇ ಬದಲಾಯಿಸಬೇಕು ಎಂಬ ಟಿಪ್ಪಣಿ ಅವರ ಕೇಸ್ ಹಾಳೆಯ ಮೊದಲ ಪುಟದಲ್ಲಿದೆ.